ಡೈಲಾಗ್ ಮುಚ್ಚಿದ ಮೇಲೆ ಕರ್ಸರ್ ಎಲ್ಲಿ? ಟಿಕಿಂಟರ್, ವಿನ್‌ಫಾರ್ಮ್ಸ್, ಕ್ಯೂಟಿ

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ಮೆಕ್ಕೆಜೋಳದ ಬಿಲ್ಲಿಂಗ್ ಪ್ರೋಗ್ರಾಂ ಬರೆಯಬೇಕಿತ್ತು. ಯಾವ ಟೂಲ್‌ಕಿಟ್ (ಕಿಟಕಿ, ಬಟನ್, ಬಾಕ್ಸ್ ಕಟ್ಟಿಕೊಡುವ ಸಿದ್ಧ ಕೋಡ್) ಅಂತ ತೀರ್ಮಾನಿಸುವ ಮೊದಲು ಒಂದೇ ಪರದೆಯನ್ನು ಪೈಥಾನ್ ಜೊತೆ ಬರುವ ಟಿಕಿಂಟರ್, ವಿಂಡೋಸ್‌ಗೆ ಮಾತ್ರ ಇರುವ ವಿನ್‌ಫಾರ್ಮ್ಸ್, ವಿಂಡೋಸ್ ಲಿನಕ್ಸ್ ಎರಡರಲ್ಲೂ ಓಡುವ ಕ್ಯೂಟಿ, ಈ ಮೂರರಲ್ಲೂ ಮಾಡಿ ನೋಡಿದೆ. ರೈತರ ಹೆಸರು, ಚೀಲ, ತೂಕ, ದರ, ಹಮಾಲಿ, ಅಷ್ಟೇ. ಅಂದಚಂದ ಹೋಲಿಸಲಿಲ್ಲ. ಡೈಲಾಗ್ (ಮಧ್ಯೆ ಎದ್ದು ಬಂದು ಪ್ರಶ್ನೆ ಕೇಳುವ ಪುಟ್ಟ ಕಿಟಕಿ) ಬಂದು ಹೋದ ಮೇಲೆ ಫೋಕಸ್, ಅಂದರೆ ಒತ್ತಿದ ಕೀ ಹೋಗಿ ಬೀಳುವ ಜಾಗ, ಎಲ್ಲಿರುತ್ತದೆ ಅನ್ನುವುದನ್ನು ಮಾತ್ರ ನೋಡಿದೆ.

ಇದೇನು ದೊಡ್ಡ ವಿಷಯ ಅನ್ನಬೇಡಿ. ಸುಗ್ಗಿಯಲ್ಲಿ ಗುಮಾಸ್ತರು ಪರದೆ ನೋಡುವುದೇ ಕಡಿಮೆ. ಕಣ್ಣು ತೂಕದ ಚೀಟಿ ಮೇಲೆ, ಬೆರಳು ನಂಬರ್ ಪ್ಯಾಡ್ ಮೇಲೆ. ‘ಈ ಹೆಸರು ಪಟ್ಟಿಯಲ್ಲಿಲ್ಲ, ಸೇರಿಸಲೇ?’ ಅಂತ ಕೇಳಿದ ಡೈಲಾಗ್ ಮುಚ್ಚಿದ ಕೂಡಲೇ ಕರ್ಸರ್ ಚೀಲದ ಬಾಕ್ಸಿನಲ್ಲಿ ಇರಬೇಕು. ಇಲ್ಲದಿದ್ದರೆ ಅವರು ಹೊಡೆದ 42 ಚೀಲ ಗಾಳಿಗೆ ಹೋಯಿತು.

ಟಿಕಿಂಟರ್‌ನಲ್ಲಿ ಎಲ್ಲವನ್ನೂ ನಾವೇ ಹೇಳಬೇಕು. ಹೊಸ ಟಾಪ್‌ಲೆವೆಲ್ ಕಿಟಕಿ ಮುಖ್ಯ ಕಿಟಕಿಯ ಮೇಲೇ ಇರಲು ಟ್ರಾನ್ಸಿಯೆಂಟ್, ಹಿಂದಿನದನ್ನು ಮುಟ್ಟದಂತೆ ತಡೆಯಲು ಗ್ರ್ಯಾಬ್ ಸೆಟ್, ಮುಚ್ಚುವ ತನಕ ಕಾಯಲು ವೇಟ್ ವಿಂಡೋ. ಲಿನಕ್ಸ್‌ನಲ್ಲಿ ಕಿಟಕಿ ಕಾಣುವ ಮೊದಲೇ ಗ್ರ್ಯಾಬ್ ಮಾಡಿದರೆ ಎರರ್ ಬರುತ್ತದೆ, ಅದಕ್ಕೆ ಮೊದಲು ವೇಟ್ ವಿಸಿಬಿಲಿಟಿ ಬೇಕು. ಇಷ್ಟೆಲ್ಲ ಬೇಡ ಅಂತ ಜೊತೆಗೇ ಬರುವ ಸಿಂಪಲ್‌ಡೈಲಾಗ್ ಬಳಸಿದರೆ ಇನ್ನೊಂದು ತಮಾಷೆ. ಅದು ಮುಚ್ಚುವಾಗ ಫೋಕಸನ್ನು ಪೇರೆಂಟ್ ಕಿಟಕಿಗೆ, ಅಂದರೆ ತನ್ನನ್ನು ತೆರೆದ ಕಿಟಕಿಗೆ ಕೊಡುತ್ತದೆ, ಒಳಗಿನ ಬಾಕ್ಸಿಗಲ್ಲ. ಕಿಟಕಿ ಮುಂದೆ ಇರುತ್ತದೆ, ಟೈಪ್ ಮಾಡಿದ್ದು ಎಲ್ಲೂ ಬೀಳುವುದಿಲ್ಲ. ಚೀಲದ ಬಾಕ್ಸಿಗೆ ನಾವೇ ಫೋಕಸ್ ಸೆಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಪ್ರತಿ ಡೈಲಾಗಿಗೂ ಅದನ್ನು ನೆನಪಿಟ್ಟುಕೊಳ್ಳಬೇಕು.

ವಿನ್‌ಫಾರ್ಮ್ಸ್ ಈ ವಿಷಯದಲ್ಲಿ ಹಳೇ ಗುಮಾಸ್ತನಂತೆ, ಹೇಳದೆಯೇ ಪುಸ್ತಕ ಎಲ್ಲಿತ್ತೋ ಅಲ್ಲೇ ಇಡುತ್ತದೆ. ಶೋಡೈಲಾಗ್ ಕರೆದು ತೆರೆದ ಕಿಟಕಿ ಮುಚ್ಚಿದರೆ ಫೋಕಸ್ ಹಿಂದಿದ್ದ ಬಾಕ್ಸಿಗೇ ವಾಪಸ್. ಕೋಡ್ ಕೂಡ ಮೂರರಲ್ಲಿ ಕಡಿಮೆ. ತೊಂದರೆ ಎರಡು ಕಡೆ ಇದೆ. ತೂಕದ ಯಂತ್ರದಿಂದ ಅಂಕಿ ಓದುತ್ತಾ ಪಕ್ಕದಲ್ಲೇ ಓಡುವ ಬೇರೆ ಥ್ರೆಡ್‌ನಿಂದ ಓನರ್ (ಯಾವ ಕಿಟಕಿಗೆ ಸೇರಿದ್ದು ಅನ್ನುವುದು) ಕೊಡದೆ ಮೆಸೇಜ್‌ಬಾಕ್ಸ್ ಕರೆದರೆ ಅದು ಮುಖ್ಯ ಕಿಟಕಿಯ ಹಿಂದೆ ಅಡಗಿಕೊಳ್ಳಬಹುದು. ಇನ್ವೋಕ್ ಮಾಡಿ ಮುಖ್ಯ ಥ್ರೆಡ್ಡಿಗೆ ತಂದು, ಓನರ್ ಯಾರು ಅಂತ ಹೇಳಿದರೆ ಮುಗಿಯಿತು. ಎರಡನೆಯದು ಬಾಕ್ಸ್ ಬಿಟ್ಟು ಹೋಗುವಾಗ ಓಡುವ ಲೀವ್, ವ್ಯಾಲಿಡೇಟಿಂಗ್ ಈವೆಂಟ್‌ಗಳ ಒಳಗಿಂದ ಫೋಕಸ್ ಬದಲಿಸುವುದು. ಬೇಡ ಅಂತ ಮೈಕ್ರೋಸಾಫ್ಟ್ ದಾಖಲೆಯೇ ಹೇಳುತ್ತದೆ, ಪ್ರೋಗ್ರಾಂ ಸ್ತಬ್ಧವಾಗಬಹುದು. ಬಿಗಿನ್‌ಇನ್ವೋಕ್ ಮಾಡಿ ಆ ಈವೆಂಟ್ ಮುಗಿದ ಮೇಲೆ ಬದಲಿಸಿದರೆ ಜಗಳವಿಲ್ಲ.

ಕ್ಯೂಟಿಯನ್ನು ಪೈಸೈಡ್ (ಪೈಥಾನ್‌ನಿಂದ ಕ್ಯೂಟಿ ಬಳಸುವ ಸೇತುವೆ) ಮೂಲಕ ಬಳಸಿದೆ. ಪ್ರತಿ ಕಿಟಕಿಯಲ್ಲೂ ಕೊನೆಗೆ ಫೋಕಸ್ ಇದ್ದ ಬಾಕ್ಸನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ಆಯ್ಕೆ ಡೈಲಾಗ್ ತೆರೆಯುವ ಎರಡು ಕರೆಗಳಾದ ಎಕ್ಸೆಕ್ ಮತ್ತು ಓಪನ್ ನಡುವೆ. ಎಕ್ಸೆಕ್ ಬರೆಯಲು ಸುಲಭ, ಉತ್ತರ ಅಲ್ಲೇ ಸಿಗುತ್ತದೆ. ಆದರೆ ಒಳಗೊಳಗೆ ಇನ್ನೊಂದು ಈವೆಂಟ್ ಲೂಪ್ (ಕೀ, ಟೈಮರ್ ಬಂದಂತೆ ಕೆಲಸ ಮಾಡಿಸುವ ಸುತ್ತು) ಓಡುತ್ತಿರುತ್ತದೆ, ಡೈಲಾಗ್ ತೆರೆದಿರುವಾಗಲೇ ಟೈಮರ್ ಬಂದು ಏನಾದರೂ ಅಳಿಸಿಬಿಡಬಹುದು. ಜೊತೆಗೆ ಇಡೀ ಅಪ್ಲಿಕೇಶನ್ ಬೀಗ. ಓಪನ್ ಪೇರೆಂಟ್ ಕಿಟಕಿಯನ್ನಷ್ಟೇ ತಡೆಯುತ್ತದೆ, ಕೂಡಲೇ ವಾಪಸ್ ಬರುತ್ತದೆ. ಮುಂದಿನ ಕೆಲಸವನ್ನು ಡೈಲಾಗ್ ಮುಚ್ಚಿದಾಗ ಬರುವ ಫಿನಿಶ್ಡ್ ಸಿಗ್ನಲ್‌ಗೆ ಕಟ್ಟಬೇಕು. ಚೀಲದ ಬಾಕ್ಸಿಗೆ ಫೋಕಸ್ ಕೊಡುವ ಸಾಲು ಕೂಡ ಅಲ್ಲೇ. ದರ ಪಟ್ಟಿಯ ಕಿಟಕಿ ಪಕ್ಕದಲ್ಲಿ ತೆರೆದೇ ಇರಬೇಕಾದ ಅಂಗಡಿಗೆ ನನಗೆ ಇದೇ ಸರಿ ಅನ್ನಿಸಿತು.

ಕೌಂಟರ್‌ನಲ್ಲಿ ವಿಂಡೋಸ್, ಪಿ.ಜೆ. ಬಡಾವಣೆಯ ಯಜಮಾನರ ಮನೆಯಲ್ಲಿ ಉಬುಂಟು. ಹಾಗಾಗಿ ಕ್ಯೂಟಿ ಆರಿಸಿದೆ. ಬರೀ ವಿಂಡೋಸ್ ಆಗಿದ್ದರೆ ವಿನ್‌ಫಾರ್ಮ್ಸ್ ಬಿಡುತ್ತಿರಲಿಲ್ಲ. ಉಬುಂಟುವಿನಲ್ಲಿ ವೇಲ್ಯಾಂಡ್ (ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆ) ಇದ್ದರೆ ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ ಮುಂದೆ ನುಗ್ಗಲು ಆಗುವುದಿಲ್ಲ. ಅದು ಒಳ್ಳೆಯದೇ ಅಲ್ವಾ?

ಅರ್ಧ ಡೈಲಾಗ್‌ಗಳನ್ನು ಆಮೇಲೆ ತೆಗೆದೇ ಹಾಕಿದೆ. ‘ಹೆಸರು ಪಟ್ಟಿಯಲ್ಲಿಲ್ಲ’ ಅನ್ನುವುದು ಈಗ ಬಾಕ್ಸಿನ ಕೆಳಗೆ ಹಳದಿ ಪಟ್ಟಿಯಾಗಿ ಬರುತ್ತದೆ, ಫೋಕಸ್ ಅಲುಗಾಡುವುದಿಲ್ಲ. ಪ್ರಿಂಟರ್ ಕಾಗದ ಖಾಲಿ ಅನ್ನುವುದೂ ಹಾಗೆಯೇ. ಯಾಕೆಂದರೆ ಟೈಪ್ ಮಾಡುವಾಗ ಸುಮ್ನೆ ಎದ್ದು ಬಂದ ಡೈಲಾಗ್, ಬಾಕ್ಸಿಗೆಂದು ಒತ್ತಿದ ಎಂಟರನ್ನು ತಾನು ನುಂಗುತ್ತದೆ. ಬಿಲ್ ಅಳಿಸುವಾಗ ಮಾತ್ರ ಡೈಲಾಗ್ ಉಳಿದಿದೆ. ಅದರಲ್ಲಿ ಡೀಫಾಲ್ಟ್ ಬಟನ್ ‘ಬೇಡ’.