ಹಳೇ ಬುಲೆಟ್‌ನ ಚೈನ್‌ಕೇಸ್ ರಬ್ಬರ್: ಕೊಳ್ಳಿ, ಆದರೆ ಎಲ್ಲ ತಪ್ಪೂ ಅದರದ್ದಲ್ಲ

ಬುಲೆಟ್ ಅಂದಮೇಲೆ ಆಯಿಲ್ ಸೋರಲೇಬೇಕು ಅನ್ನುವ ಮಾತು ಅರ್ಧ ತಮಾಷೆ, ಅರ್ಧ ಸೋಮಾರಿತನ. ಎರಕದ ಕಬ್ಬಿಣದ ಎಂಜಿನ್, ಬಲಗಾಲಿನ ಗೇರು, ಪ್ರೈಮರಿ ಕವರಿನ ನಟ್ಟನಡುವೆ ಒಂದೇ ನಟ್ಟು ಇರುವ ಹಳೇ 350ಕ್ಕೆ ಕೂರುವ ರಬ್ಬರ್ ಗ್ಯಾಸ್ಕೆಟ್ಟಿನ ವಿಮರ್ಶೆ ಇದು. ಚೈನ್‌ಕೇಸ್ ಅಂದರೆ ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ಆಯಿಲಿನಲ್ಲಿ ಓಡುವ ಎಡಗಡೆಯ ಪೆಟ್ಟಿಗೆ, ಪ್ರೈಮರಿ ಕವರ್ ಅದರ ಮುಚ್ಚಳ. ಕವರಿನ ಸುತ್ತಲೂ ಸ್ಕ್ರೂ ಇರುವ ಗಾಡಿ ನಿಮ್ಮದಾದರೆ ಇದನ್ನು ಕೊಳ್ಳಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಯಾಗಿ ಸಿಗುವ ಈ ರಬ್ಬರಿನಲ್ಲಿ ಒಳ್ಳೆಯದೂ ಇದೆ, ಕಸವೂ ಇದೆ. ಮಡಚಿ ಬಿಟ್ಟರೆ ತಕ್ಷಣ ಮೊದಲಿನಂತಾಗಬೇಕು, ಮಡಿಕೆಯಲ್ಲಿ ಬಿಳಿ ಗೆರೆ ಬೀಳಬಾರದು, ದಪ್ಪ ಎಲ್ಲ ಕಡೆ ಒಂದೇ ಇರಬೇಕು. ಪ್ಲಾಸ್ಟಿಕ್ಕಿನಂತೆ ಗಡುಸಾಗಿದ್ದರೆ ವಾಪಸ್ ಕೊಡಿ. ಹಳೇ ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸವೂ ಬೇಡ. ಅದು ಉಬ್ಬಿ ಉದ್ದವಾಗುತ್ತದೆ, ಆಮೇಲೆ ಗ್ರೂವಿನಲ್ಲಿ ನಿಲ್ಲುವುದಿಲ್ಲ.

ಕೂರಿಸುವ ಕೆಲಸ ಸುಲಭ. ಎಡ ಫುಟ್‌ರೆಸ್ಟ್ ಬಿಚ್ಚಿ, ಬ್ರೇಕ್ ಪೆಡಲನ್ನು ದಾರಿ ಬಿಡುವಷ್ಟು ಕೆಳಗೆ ಸರಿಸಿ, ಅಡಿಗೆ ತಟ್ಟೆ ಇಟ್ಟು ನಡುವಿನ ನಟ್ಟು ತೆಗೆಯಿರಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಅಲ್ಯೂಮಿನಿಯಂ ಅಂಚಿನಲ್ಲಿ ಗೀರು ಬಿದ್ದು ಹೊಸ ಸೋರಿಕೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಗ್ರೂವನ್ನು ಒಣಬಟ್ಟೆಯಲ್ಲಿ ಒರೆಸಿ, ಹಳೇ ಸಿಲಿಕೋನ್ ಚೂರುಗಳನ್ನೆಲ್ಲ ಕೆರೆದು ತೆಗೆಯಿರಿ. ರಬ್ಬರ್ ಜಾರದಂತೆ ಗ್ರೂವಿನ ಕಡೆಗೆ ಮಾತ್ರ ತೆಳುವಾಗಿ ಅಂಟು, ಇನ್ನೊಂದು ಕಡೆಗೆ ಚೂರು ಗ್ರೀಸ್ ಸಾಕು. ಎರಡೂ ಬದಿಗೆ ಸಿಲಿಕೋನ್ ಮೆತ್ತಿದರೆ ಒಳಗೆ ಹಿಂಡಿ ಬಂದ ಚೂರುಗಳು ಕ್ಲಚ್ ಪ್ಲೇಟುಗಳ ನಡುವೆ ಸೇರಿಕೊಳ್ಳುತ್ತವೆ.

ಈ ಗ್ಯಾಸ್ಕೆಟ್ಟಿಗೆ ಕೆಟ್ಟ ಹೆಸರು ಬಂದಿರುವುದು ಮುಖ್ಯವಾಗಿ ನಟ್ಟಿನಿಂದ. ಸೋರುತ್ತಿದೆ ಎಂದು ಜನ ನಟ್ಟನ್ನು ಇನ್ನೂ ಬಿಗಿ ಮಾಡುತ್ತಾರೆ. ಕವರಿನ ನಡುಭಾಗ ಒಳಗೆ ಬಾಗಿ ಅಂಚು ಮೇಲೇಳುತ್ತದೆ, ಸೋರಿಕೆ ಹೆಚ್ಚುತ್ತದೆ, ಮತ್ತೆ ಬಿಗಿ ಮಾಡುತ್ತಾರೆ. ರಬ್ಬರ್ ಸಮನಾಗಿ ಒತ್ತುವಷ್ಟು ಬಿಗಿದರೆ ಸಾಕು. ನಟ್ಟಿನ ಕೆಳಗಿನ ವಾಷರ್ ಹೊಸದಿರಲಿ, ಅದೂ ಒಂದು ಸೋರುವ ಜಾಗವೇ.

ಇಷ್ಟಾದ ಮೇಲೂ ಗಾಡಿಯ ಕೆಳಗೆ ಕಲೆ ಬಿದ್ದರೆ ರಬ್ಬರನ್ನು ಬೈಯುವ ಮೊದಲು ಬಣ್ಣದ ಪರೀಕ್ಷೆ ಮಾಡಿ. ಚೈನ್‌ಕೇಸಿಗೆ ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಕಾರುಗಳ ಆಯಿಲ್) ಹಾಕಿ, ಹೊರಗೆಲ್ಲ ಒರೆಸಿ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ನೋಡಿ. ಕೆಂಪು ಗೆರೆ ಅಂಚಿನಲ್ಲಿ ಕಂಡರೆ ತಪ್ಪು ರಬ್ಬರಿನದು ಅಥವಾ ಬಾಗಿದ ಕವರಿನದು. ಹಿಂದುಗಡೆ ಕಂಡರೆ ಆಲ್ಟರ್ನೇಟರ್ ವೈರ್ ಹೊರಬರುವ ತೂತಿನ ರಬ್ಬರ್ ಗ್ರೊಮೆಟ್, ಗೇರ್‌ಬಾಕ್ಸ್ ಶಾಫ್ಟಿನ ಸೀಲ್, ಒಳಕೇಸು ಕ್ರ್ಯಾಂಕ್‌ಕೇಸಿಗೆ ಕೂರುವ ಗ್ಯಾಸ್ಕೆಟ್, ಈ ಮೂರನ್ನೂ ನೋಡಬೇಕು. ಒಳಗಿನ ಎಟಿಎಫ್ ಕೆಂಪಗೇ ಇದ್ದು ಹೊರಗೆ ಕಪ್ಪು ಆಯಿಲ್ ಕಂಡರೆ ಅದು ಎಂಜಿನ್ನಿನದು, ಚೈನ್‌ಕೇಸಿಗೆ ಸಂಬಂಧವಿಲ್ಲ.

ಜನ ಗಮನಿಸದ ಲಕ್ಷಣ ಇನ್ನೊಂದಿದೆ: ಹೊರಗೆ ಹನಿಯೂ ಇಲ್ಲ, ಆದರೆ ಚೈನ್‌ಕೇಸಿನ ಮಟ್ಟ ಏರುತ್ತಿದೆ, ಕೆಂಪು ಎಟಿಎಫ್ ಕಪ್ಪಾಗಿದೆ, ಎಂಜಿನ್ ಆಯಿಲ್ ಇಳಿಯುತ್ತಿದೆ. ಎಡಗಡೆಯ ಕ್ರ್ಯಾಂಕ್‌ಶಾಫ್ಟ್ ಸೀಲ್ ಹೋಗಿದೆ ಎಂದರ್ಥ. ಹೊಸ ಸೀಲ್ ಹಾಕುವ ಮೊದಲು ಬ್ರೀದರ್, ಅಂದರೆ ಎಂಜಿನ್ನಿನೊಳಗಿನ ಒತ್ತಡವನ್ನು ಹೊರಬಿಡುವ ಪೈಪು, ನೋಡಿ. ಪೈಪು ಕಟ್ಟಿಕೊಂಡಿದ್ದರೆ, ಅಥವಾ ತುದಿಯಲ್ಲಿರುವ ಬಾತುಕೋಳಿ ಕೊಕ್ಕಿನಂಥ ಡಕ್‌ಬಿಲ್ ರಬ್ಬರ್ ಒಣಗಿ ಅಂಟಿಕೊಂಡಿದ್ದರೆ, ಕ್ರ್ಯಾಂಕ್‌ಕೇಸಿನ ಒತ್ತಡ ಹೊಸ ಸೀಲನ್ನೂ ದಾಟಿ ಆಯಿಲ್ ತಳ್ಳುತ್ತದೆ.

ಆಯಿಲ್ ವಿಷಯ ಚಿಕ್ಕದು. ಚೈನ್‌ಕೇಸಿಗೆ ಸುಮಾರು 420 ಮಿ.ಲೀ. ಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ, ಲೆವೆಲ್ ಸ್ಕ್ರೂ ತೆಗೆದು, ಆ ತೂತಿನಿಂದ ಸಣ್ಣಗೆ ಹರಿಯುವವರೆಗೆ ತುಂಬಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. 20W-50 ಬೈಕ್ ಎಂಜಿನ್ ಆಯಿಲ್ ಆಗುತ್ತದೆ, ಎಟಿಎಫ್ ಹಾಕಿದರೆ ತಣ್ಣಗಿರುವಾಗ ಕ್ಲಚ್ ಚೆನ್ನಾಗಿ ಬಿಡುತ್ತದೆ. ಕಾರಿಗೆಂದು ಮಾಡಿದ ಇಂಧನ ಉಳಿತಾಯದ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. 90 ನಂಬರಿನ ಗೇರ್ ಆಯಿಲ್ ಹಾಕಿದರೆ ಪ್ಲೇಟುಗಳು ಅಂಟಿಕೊಂಡು ಬೆಳಗ್ಗೆ ಮೊದಲ ಗೇರಿಗೆ ಗಾಡಿ ಮುಂದಕ್ಕೆ ಜಿಗಿಯುತ್ತದೆ.

ಕವರ್ ಹೇಗೂ ತೆಗೆದಿದ್ದೀರಲ್ಲ, ಪ್ರೈಮರಿ ಚೈನನ್ನೂ ನೋಡಿಬಿಡಿ. ಎಂಜಿನ್ ತಣ್ಣಗಿರುವಾಗ ನಿಧಾನವಾಗಿ ತಿರುಗಿಸುತ್ತ ಚೈನಿನ ಅತಿ ಬಿಗಿಯಾದ ಜಾಗ ಹುಡುಕಿ. ಅಲ್ಲಿ 6 ಮಿ.ಮೀ. ಆಟ ಇರಬೇಕು. ಅತಿ ಬಿಗಿಯಾದರೆ ಮೇನ್ ಬೇರಿಂಗಿಗೆ ಪೆಟ್ಟು, ಅತಿ ಸಡಿಲವಾದರೆ ಚೈನ್ ಕೇಸಿಗೆ ಬಡಿಯುತ್ತದೆ. ತಳದಲ್ಲಿ ಲೋಹದ ಪುಡಿ ಕಂಡರೆ ಚೈನ್ ಬಡಿದ ಗುರುತು ಕೇಸಿನ ಒಳಗೋಡೆಯ ಮೇಲೂ ಇದೆಯೇ ನೋಡಿ.

ಬೆಲೆ ಕಡಿಮೆ, ಒಳ್ಳೆ ರಬ್ಬರ್ ಸಿಕ್ಕರೆ ಬಾಳಿಕೆ ಚೆನ್ನಾಗಿದೆ, ನನ್ನ ಕಡೆಯಿಂದ 5ಕ್ಕೆ 4. ಒಂದು ಅಂಕ ಕಳೆದದ್ದು ನಡುವಿನ ನಟ್ಟಿನ ವಾಷರನ್ನು ಜೊತೆಗೇ ಕೊಡದಿದ್ದಕ್ಕೆ. ಅದನ್ನೂ ಗ್ರೊಮೆಟ್ಟನ್ನೂ ಅದೇ ಅಂಗಡಿಯಲ್ಲಿ ಕೇಳಿ ತನ್ನಿ, ಕವರ್ ಎರಡು ಸಲ ಬಿಚ್ಚುವುದು ತಪ್ಪುತ್ತದೆ.