ಸತುವಿನ ಬ್ಯಾಟರಿಗೆ ಯಾವ ಉಪ್ಪು? ಸಲ್ಫೇಟೋ, ಟ್ರೈಫ್ಲೇಟೋ?

ಮಂಡ್ಯದ ಗೊಬ್ಬರದಂಗಡಿಗಳಲ್ಲಿ ಜಿಂಕ್ ಸಲ್ಫೇಟ್ ಸುಲಭವಾಗಿ ಸಿಗುತ್ತದೆ. ಭತ್ತದ ಗದ್ದೆಗೆ ಸತುವಿನ ಕೊರತೆಯಾದರೆ ಹಾಕುವುದು ಅದನ್ನೇ. ಮೈಸೂರಿನ ನಮ್ಮ ಲ್ಯಾಬಿನಲ್ಲಿ ನೀರಿನ ಬ್ಯಾಟರಿಗೆ, ಅಂದರೆ ಉಪ್ಪನ್ನು ನೀರಿನಲ್ಲಿ ಕರಗಿಸಿ ತುಂಬುವ ಸತುವಿನ ಬ್ಯಾಟರಿಗೆ, ಬಳಸುವುದೂ ಅದೇ ಉಪ್ಪು, ಆದರೆ ಶುದ್ಧವಾದದ್ದು. ಗೊಬ್ಬರದ ದರ್ಜೆಯದರಲ್ಲಿ ಕಬ್ಬಿಣದಂಥ ಕಲ್ಮಶವಿದ್ದರೆ ಸತು ಬೇಗ ಸವೆಯುತ್ತದೆ. ಇದಕ್ಕೆ ಎದುರಾಳಿ ಜಿಂಕ್ ಟ್ರೈಫ್ಲೇಟ್ ಎಂಬ ಇನ್ನೊಂದು ಸತುವಿನ ಉಪ್ಪು. ಬೆಲೆ ಹಲವು ಪಟ್ಟು ಜಾಸ್ತಿ. ಎರಡರಲ್ಲೂ ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಬ್ಯಾಟರಿ) ಕಟ್ಟಿ ನೋಡಿದ್ದೇನೆ.

ಒಂದು ಬದಿಗೆ ಸತುವಿನ ಹಾಳೆ, ಇನ್ನೊಂದು ಬದಿಗೆ ಮ್ಯಾಂಗನೀಸ್ ಡೈಆಕ್ಸೈಡ್, ನಡುವೆ ಎರಡೂ ತಾಗದಂತೆ ಗ್ಲಾಸ್ ಫೈಬರ್. ಲಿಥಿಯಂ ಸೆಲ್ಲಿಗೆ ಬೇಕಾಗುವ ಆರ್ಗಾನ್ ಗ್ಲೋವ್ ಬಾಕ್ಸ್ (ಗಾಳಿ, ತೇವ ತಾಗದಂತೆ ಆರ್ಗಾನ್ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆ) ಇಲ್ಲಿ ಬೇಡ, ಮೇಜಿನ ಮೇಲೇ ಕಟ್ಟಬಹುದು. ಹೊತ್ತಿಕೊಳ್ಳುವ ದ್ರಾವಕವೂ ಇಲ್ಲ.

2 ಮೋಲಾರ್ (ಲೀಟರಿಗೆ 2 ಮೋಲ್ ಸಾಂದ್ರತೆಯ) ಸಲ್ಫೇಟ್ ಹಾಕಿದ ಸೆಲ್ ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ, ಬರಬರುತ್ತಾ ಕೆಪಾಸಿಟಿ ಇಳಿಯುತ್ತದೆ. ಬಿಚ್ಚಿದರೆ ಸತುವಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಗ್ಲಾಸ್ ಫೈಬರನ್ನು ಚಿಮಟದಲ್ಲಿ ಎತ್ತಿದರೆ ಎಳೆಗಳಿಗೆ ಬೂದು ಬಣ್ಣದ ಸತು ಕಚ್ಚಿಕೊಂಡೇ ಬರುತ್ತದೆ. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್ ಹೊರಡುತ್ತದೆ. ಆ ಜಾಗದಲ್ಲಿ ಕ್ಷಾರತೆ ಏರಿ, ಸಲ್ಫೇಟ್ ಕೂಡಿಕೊಂಡು ಈ ಪದರ ಕಟ್ಟುತ್ತದೆ. ಆಮೇಲೆ ಸತು ಸಮನಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಮುಳ್ಳು ಆಚೆ ಬದಿ ಮುಟ್ಟಿದರೆ ಶಾರ್ಟ್, ಸೆಲ್ ಮುಗಿಯಿತು.

ಟ್ರೈಫ್ಲೇಟ್ ಸೆಲ್ಲಿನ ಸತು ಇದಕ್ಕಿಂತ ಎಷ್ಟೋ ಚೊಕ್ಕ. ಈ ಉಪ್ಪಿನ ಋಣ ಅಯಾನು (ಋಣ ವಿದ್ಯುದಂಶದ ಕಣ) ದೊಡ್ಡದು. ಸತುವಿನ ಅಯಾನಿನ ಸುತ್ತ ಮುತ್ತಿಕೊಳ್ಳುವ ನೀರು ಕಡಿಮೆಯಾಗುತ್ತದೆ, ಹಾಗಾಗಿ ಸತು ಚಾರ್ಜಿನಲ್ಲಿ ಸಲೀಸಾಗಿ ಕೂತು, ಡಿಸ್ಚಾರ್ಜಿನಲ್ಲಿ ಸಲೀಸಾಗಿ ಏಳುತ್ತದೆ. ಬರೀ ಸತುವಿನ ಬದಿ ನೋಡಿದರೆ ಗೆಲುವು ಇದರದ್ದೇ.

ಆದರೂ ನನ್ನ ಓಟು ಸಲ್ಫೇಟಿಗೆ, ಒಂದು ಚೂರು ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ. ಡಿಸ್ಚಾರ್ಜ್ ಆಗುವಾಗ ಡೈಆಕ್ಸೈಡಿನ ಬದಿಯ ಮ್ಯಾಂಗನೀಸ್ ನೀರಿಗೆ ಕರಗಿ ಹೋಗುವುದು ಇನ್ನೊಂದು ದೊಡ್ಡ ನಷ್ಟ. ನೀರಿನಲ್ಲಿ ಮೊದಲೇ ಮ್ಯಾಂಗನೀಸ್ ಇದ್ದರೆ ಆ ಕರಗುವಿಕೆ ತಗ್ಗುತ್ತದೆ. 2016ರಲ್ಲಿ ನೇಚರ್ ಎನರ್ಜಿಯಲ್ಲಿ ಬಂದ ಪ್ರಬಂಧದಲ್ಲಿ 0.1 ಮೋಲಾರ್ ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ 5000 ಸೈಕಲ್ (ಚಾರ್ಜ್-ಡಿಸ್ಚಾರ್ಜ್ ಸುತ್ತು) ಆದ ಮೇಲೂ 92% ಕೆಪಾಸಿಟಿ ಉಳಿಸಿ ತೋರಿಸಿದ್ದರು. ನಮ್ಮ ಸೆಲ್ ಅಷ್ಟು ದೂರ ಹೋಗಿಲ್ಲ, ಆದರೆ ಬರೀ ಸಲ್ಫೇಟಿಗೂ ಇದಕ್ಕೂ ಇರುವ ಅಂತರ ಗ್ರಾಫಿನಲ್ಲಿ ಎದ್ದು ಕಾಣುತ್ತದೆ.

ಮನೆಯ ಯುಪಿಎಸ್ಸಿಗೋ ಸೋಲಾರಿಗೋ ಬ್ಯಾಟರಿ ಮಾಡುವಾಗ ತೂಕಕ್ಕಿಂತ ಬೆಲೆ ಮುಖ್ಯ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಅಂದಾಜಿಸಿರುವ ಲಿಥಿಯಂ ಬರೀ 1,600 ಟನ್. ಸತುವಿನದಾದರೋ ಗಣಿ, ಕರಗಿಸುವ ಕಾರ್ಖಾನೆ ಎರಡೂ ರಾಜಸ್ಥಾನದಲ್ಲೇ ಇವೆ. ಅಗ್ಗದ ಲೋಹಕ್ಕೆ ದುಬಾರಿ ಉಪ್ಪು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮ್ಯಾಂಗನೀಸ್ ಬೆರೆಸಿದರೂ ಆ ಬಿಳಿ ಪದರ ಮಾತ್ರ ಹೋಗಿಲ್ಲ. ಸದ್ಯ ನಾನು ಗುದ್ದಾಡುತ್ತಿರುವುದು ಅದರ ಜೊತೆಗೇ.