17 ಪೀಸಿನ ಟಚ್-ಅಪ್ ಕಿಟ್: ಅಜ್ಜನ ಮೇಜಿಗೆ ಹಚ್ಚಿ ನೋಡಿದ್ದು

ಮರದ ಗೀರು ಮುಚ್ಚುವ ಟಚ್-ಅಪ್ ಕಿಟ್ ಒಂದನ್ನು 349 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. 8 ಮಾರ್ಕರ್ ಪೆನ್ನು, 8 ಮೇಣದ ಕಡ್ಡಿ, ಕಡ್ಡಿ ಹೆರೆಯಲು ಒಂದು ಶಾರ್ಪನರ್. ಕಂಪನಿ ಹೆಸರು ಬೇಡ. ಇದೇ ತರಹದ ಡಬ್ಬಿ ಹತ್ತಾರು ಹೆಸರಲ್ಲಿ ಸಿಗುತ್ತದೆ.

ಸರಿಮಾಡಬೇಕಿದ್ದದ್ದು ಅಜ್ಜನ ಬರೆಯುವ ಮೇಜು. ಸಾಗರದ ಮನೆ ಮಾರಿದಾಗ ಮೈಸೂರಿನ ನಮ್ಮ ಫ್ಲ್ಯಾಟಿಗೆ ಬಂತು. ಮೇಲ್ಹಲಗೆ ತೇಗ, ಸುತ್ತ ಎರಡು ಬೆರಳಗಲ ಬೀಟೆಯ ಪಟ್ಟಿ. ಲಾರಿಯಲ್ಲಿ ಬರುವಾಗ ಡ್ರಾಯರಿನ ಮುಖಕ್ಕೆ ಗೇಣುದ್ದ ಗೀರು ಬಿದ್ದಿತ್ತು. ಮೇಲೆ ಕಾಫಿ ಲೋಟದ ಬಿಳಿ ಬಳೆಗಳು, ಎಣಿಸಿದರೆ ಏಳು. ಮೂಲೆಯಲ್ಲಿ ಒಂದು ಕಪ್ಪು ಕಲೆ ಬೇರೆ.

ಪೆನ್ನುಗಳ ಮೇಲೆ ಓಕ್, ಮೇಪಲ್, ಚೆರ್ರಿ, ವಾಲ್‌ನಟ್ ಅಂತ ಬರೆದಿದೆ. ತೇಗ, ಬೀಟೆ, ಹಲಸು, ಹೊನ್ನೆ ಒಂದೂ ಇಲ್ಲ. ಅಂದಾಜಿನ ಮೇಲೆ ವಾಲ್‌ನಟ್ ಹಚ್ಚಿದೆ. ಗೀರು ಬಿದ್ದಲ್ಲಿ ಪಾಲಿಶ್ ಇರುವುದಿಲ್ಲ, ಬರೀ ಮರ. ಅದು ಬಣ್ಣವನ್ನು ಗಟಗಟ ಕುಡಿಯಿತು. ಡ್ರಾಯರಿಗೆ ಕಾಡಿಗೆ ಎಳೆದ ಹಾಗಾಯಿತು! ಇನ್ನೊಂದು ಸಣ್ಣ ಗೀರಿನ ಹೊತ್ತಿಗೆ ಬುದ್ಧಿ ಬಂತು. ತೆಳು ಬಣ್ಣದಿಂದ ಶುರುಮಾಡಿ, ಹಚ್ಚಿದ ತಕ್ಷಣ ಒರೆಸಬೇಕು. ಸಾಲದಿದ್ದರೆ ಮತ್ತೊಂದು ಸಲ.

ಮೇಣದ ಕಡ್ಡಿ ಮಾತ್ರ ಚೆನ್ನಾಗಿದೆ. ಎರಡು ಬಣ್ಣ ಅಂಗೈಯಲ್ಲಿ ನಾದಿ, ಹಳೇ ಮೊಳೆ ತೂತಿಗೆ ಒತ್ತಿ, ಮೇಲಿನದನ್ನು ಹಳೇ ಎಟಿಎಂ ಕಾರ್ಡಿನಿಂದ ಕೆರೆದೆ. ಈಗ ಆ ತೂತು ಎಲ್ಲಿತ್ತು ಅಂತ ನಾನೇ ಹುಡುಕಬೇಕು. ಆದರೆ ಬಿಸಿ ಪಾತ್ರೆ ಇಡುವ ಜಾಗಕ್ಕೆ ಇದು ಬೇಡ, ಕರಗುತ್ತದೆ. ಮುಂದೆ ಪಾಲಿಶ್ ಮಾಡಿಸುವ ಯೋಚನೆ ಇದ್ದರೂ ಬೇಡ. ಮೇಣದ ಮೇಲೆ ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ.

ಬಿಳಿ ಬಳೆಗಳಿಗೆ ಈ ಕಿಟ್‌ನಿಂದ ಏನೂ ಉಪಯೋಗವಿಲ್ಲ. ಡಬ್ಬಿಯ ಮೇಲೆ ಮಾತ್ರ ಲೋಟದ ಗುರುತಿನ ಚಿತ್ರ ಹಾಕಿದ್ದಾರೆ. ಆ ಬಿಳುಪು ಮರದ್ದಲ್ಲ, ಪಾಲಿಶ್ ಒಳಗೆ ಸಿಕ್ಕಿಕೊಂಡ ತೇವ. ಅದರ ಮೇಲೆ ಬಣ್ಣ ಬಳಿದು ಏನು ಪ್ರಯೋಜನ?

ಇದಕ್ಕೆ ಕೆಲಸಕ್ಕೆ ಬಂದದ್ದು ಸ್ಪಿರಿಟ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ "ಪಾಲಿಶ್ ಮಾಡೋ ಸ್ಪಿರಿಟ್ಟಾ ಸಾರ್?" ಅಂತ ಒಳಗಿನಿಂದ ತಂದುಕೊಟ್ಟರು. ಜೊತೆಗೆ 100 ಗ್ರಾಂ ಅರಗಿನ ಚಕ್ಕೆ. ಮೊದಲು ಮೇಜಿನ ಅಡಿಯಲ್ಲಿ, ಕಾಣದ ಕಡೆ, ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ನಮ್ಮದು ಅಂಟಿತು. ಹೊಸ ಫರ್ನಿಚರಿನ ಗಟ್ಟಿ ಪಾಲಿಶ್‌ಗೆ ಈ ಉಪಾಯ ನಡೆಯುವುದಿಲ್ಲ.

ಹಳೇ ಪಂಚೆಯ ತುಂಡಿನಲ್ಲಿ ಹತ್ತಿ ಸುತ್ತಿ ಉಂಡೆ ಮಾಡಿಕೊಂಡೆ. ಎರಡೇ ಹನಿ ಸ್ಪಿರಿಟ್. ಬಳೆಯ ಮೇಲೆ ಉಜ್ಜಬಾರದು, ಸವರಿಕೊಂಡು ಹೋಗಬೇಕು, ಕೈ ನಿಲ್ಲಬಾರದು. ಮೂರನೇ ಸಲಕ್ಕೆ ಮೊದಲ ಬಳೆ ಕಣ್ಣೆದುರೇ ಮಾಯ. ಅಮ್ಮನನ್ನು ಅಡುಗೆಮನೆಯಿಂದ ಕೂಗಿ ಕರೆದೆ. "ಇನ್ನೂ ಆರು ಇದೆಯಲ್ಲೋ" ಅಂದರು.

ಆ ಹುಮ್ಮಸ್ಸಿನಲ್ಲೇ ಎಡವಟ್ಟಾಯಿತು. ಅಂಚಿನ ಬಳೆ ಒರೆಸುವಾಗ ಕೈ ಬೀಟೆ ಪಟ್ಟಿಯ ಮೇಲೂ ಹೋಯಿತು. ಬಟ್ಟೆ ನೋಡಿದರೆ ನೇರಳೆ ಬಣ್ಣ, ತೇಗದ ಮೇಲೂ ಒಂದು ನೇರಳೆ ಗೆರೆ! ಬೀಟೆಯ ಬಣ್ಣ ಸ್ಪಿರಿಟ್‌ಗೆ ಬಿಡುತ್ತದೆ ಅಂತ ಅವತ್ತೇ ಗೊತ್ತಾದದ್ದು. ತಕ್ಷಣ ಬೇರೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಬಚಾವಾಯಿತು. ಬೀಟೆ ಮೇಲೆ ಪಟ್ಟಿಯ ಉದ್ದಕ್ಕೆ ಮಾತ್ರ ಸವರಿ, ಅಡ್ಡಕ್ಕೆ ಬೇಡ.

ಮಂಕಾದ ಜಾಗಕ್ಕೆ ಅರಗು ಹಚ್ಚಿದೆ. 100 ಗ್ರಾಂ ಚಕ್ಕೆಗೆ ಅರ್ಧ ಲೀಟರ್ ಸ್ಪಿರಿಟ್, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ. ತಗಡಿನ ಡಬ್ಬಿಯಲ್ಲಿ ಇಟ್ಟರೆ ಕಪ್ಪಾಗುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡವೇ ಬೇಡ. ಅರಗಿನ ಮನೆ ಕಥೆ ಕೇಳಿದ್ದೀರಲ್ವಾ, ಅದೇ ಅರಗು, ಜೊತೆಗೆ ಸ್ಪಿರಿಟ್. ತೆಳ್ಳಗೆ ನಾಲ್ಕು ಕೈ ಹಚ್ಚಿದೆ. ನಡುವೆ ಒಮ್ಮೆ 400 ನಂಬರಿನ ಉಪ್ಪು ಕಾಗದ ಆಡಿಸಿದೆ.

ಕಪ್ಪು ಕಲೆ ಹಾಗೇ ಇದೆ. ನೀರಿನ ಜೊತೆ ಕಬ್ಬಿಣ ಸೇರಿ ಮರದೊಳಗೇ ಇಳಿದ ಕಲೆ ಅದು. ಅಲ್ಲಿ ಪಾಲಿಶ್ ಪೂರ್ತಿ ತೆಗೆದು ಆಕ್ಸಾಲಿಕ್ ಆಸಿಡ್ ಹಚ್ಚಬೇಕು. ಅದು ವಿಷ, ಮನೆಯಲ್ಲಿ ಮೂರು ವರ್ಷದ ಮಗು ಇದೆ. ಅಲ್ಲಿ ಟೇಬಲ್ ಲ್ಯಾಂಪ್ ಇಟ್ಟಿದ್ದೇನೆ.

ಕಿಟ್‌ಗೆ 5ಕ್ಕೆ 2 ಅಂಕ, ಎರಡೂ ಮೇಣಕ್ಕೆ. ಮೇಣದ ಕಡ್ಡಿ ಮಾತ್ರ ಬಿಡಿಯಾಗಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೇಪಲ್ ಪೆನ್ನಿನಲ್ಲಿ ಮಗಳು ಗೋಡೆ ಮೇಲೆ ಆನೆ ಬರೆದಿದ್ದಾಳೆ. ಅದೂ ಹೋಗುತ್ತಿಲ್ಲ.